ದಿಗಿಲಲ್ಲ, ದಿಗುಲು: ಬೇರೆ ಬೇರೆ ಹಿನ್ನೆಲೆಯವರಿಗೆ ಕೌನ್ಸೆಲಿಂಗ್ ಮಾಡುವುದು ಹೇಗೆ

ನಾನು ತಿಪಟೂರು ಕಡೆಯವಳು. ಕೆಲಸಕ್ಕೆಂದು ಕೋಲಾರಕ್ಕೆ ಬಂದ ಹೊಸದರಲ್ಲಿ ಮುಳಬಾಗಿಲು ಕಡೆಯ ಒಬ್ಬರು ಹೆಂಗಸು ನನ್ನ ಹತ್ತಿರ ಬರುತ್ತಿದ್ದರು. ಮನೆಮಾತು ತೆಲುಗು, ಕನ್ನಡವೂ ಚೆನ್ನಾಗೇ ಬರುತ್ತಿತ್ತು. ಏನಾಗುತ್ತೆ ಅಂತ ಕೇಳಿದರೆ "ದಿಗುಲು ಮೇಡಂ, ಸಾಯಂಕಾಲ ಆದ್ರೆ ಸಾಕು, ದಿಗುಲು" ಅನ್ನುತ್ತಿದ್ದರು. ನನ್ನ ಕಿವಿಗೆ ಅದು ದಿಗಿಲು ಅಂತಲೇ ಬಿತ್ತು. ದಿಗಿಲು ಅಂದರೆ ನಮ್ಮ ಕಡೆ ಭಯ, ಗಾಬರಿ. ಫೈಲಿನಲ್ಲಿ ಆತಂಕ ಅಂತ ಬರೆದೆ. ಮೂರು ವಾರ ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ನಾಲ್ಕನೇ ವಾರ ಅವರು ತಾಳ್ಮೆಯಿಂದಲೇ "ನನಗೆ ಭಯ ಏನೂ ಇಲ್ಲ ಮೇಡಂ, ಇನ್ಯಾತಕ್ಕೆ ಭಯ" ಅಂದರು. ತೆಲುಗಿನಲ್ಲಿ ದಿಗುಲು ಅಂದರೆ ಕೊರಗು, ದುಃಖ, ಚಿಂತೆ. ಅವರ ತಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು. ಸಾಯಂಕಾಲದ ಬಸ್ಸಿಳಿದು ಅಕ್ಕನ ಮನೆಯಲ್ಲಿ ಕಾಫಿ ಕುಡಿದೇ ಅವನು ಊರಿಗೆ ಹೋಗುತ್ತಿದ್ದನಂತೆ. ಇದು ನಾನು ಕೇಳಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ನಾನು ಕೇಳಲೇ ಇಲ್ಲ.

ಎಂಎಸ್‌ಸಿ ಸೈಕಾಲಜಿನೋ ಎಂಎಸ್‌ಡಬ್ಲ್ಯುನೋ ಮುಗಿಸಿ ಈ ಕಡೆ ಕೆಲಸಕ್ಕೆ ಸೇರುವವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ನನ್ನ ಮಾತು ಒಂದೇ: ಎದುರಿಗೆ ಕೂತವರ ಮಾತನ್ನು ನಿಮ್ಮ ಪುಸ್ತಕದ ಮಾತಿಗೆ ತಿರುಗಿಸುವ ಅವಸರ ಬೇಡ. ಅವರ ಪದ ಸ್ವಲ್ಪ ಹೊತ್ತು ಹಾಗೇ ಇರಲಿ. ಕೆಳಗಿನ ಹೆಜ್ಜೆಗಳೆಲ್ಲ ಅದನ್ನು ದಿನದಿನದ ಕೆಲಸದಲ್ಲಿ ಮಾಡುವುದು ಹೇಗೆ ಅನ್ನುವುದಕ್ಕೇ. ಇಲ್ಲಿ ಬರುವ ಜನರ ಕತೆಗಳನ್ನು ಯಾರ ಗುರುತೂ ಸಿಗದ ಹಾಗೆ ಬದಲಾಯಿಸಿ, ಒಂದಕ್ಕೊಂದು ಬೆರೆಸಿದ್ದೇನೆ.

1. ಮೊದಲು ನಿಮ್ಮ ಕುರ್ಚಿ ನೋಡಿಕೊಳ್ಳಿ

ಸಂಸ್ಕೃತಿ ಅಂದರೆ ಬಂದವರ ಹತ್ತಿರ ಇರುವುದು, ನಮ್ಮ ಹತ್ತಿರ ಇರುವುದು ಬರೀ ವಿಜ್ಞಾನ ಅಂತ ಅಂದುಕೊಂಡೇ ನಾವು ಕಾಲೇಜಿನಿಂದ ಹೊರಗೆ ಬರುತ್ತೇವೆ. 1998ರಲ್ಲಿ ಮೆಲಾನಿ ಟರ್ವಲಾನ್ ಮತ್ತು ಜಾನ್ ಮರ್ರೆ ಗಾರ್ಸಿಯಾ ಅನ್ನುವ ಇಬ್ಬರು ಅಮೆರಿಕದ ವೈದ್ಯರು ಇದಕ್ಕೆ ಬೇರೆ ದಾರಿ ತೋರಿಸಿದರು. ಬೇರೆಯವರ ಸಂಸ್ಕೃತಿಯಲ್ಲಿ ಪರಿಣತಿ ಪಡೆದುಬಿಟ್ಟೆವು ಅಂದುಕೊಳ್ಳುವ ಬದಲು, ನನಗೆ ಗೊತ್ತಿಲ್ಲ ಅನ್ನುವ ವಿನಯ ಇಟ್ಟುಕೊಂಡು ಜೀವನಪೂರ್ತಿ ನಮ್ಮನ್ನೇ ಪರೀಕ್ಷಿಸಿಕೊಳ್ಳುತ್ತಾ ಇರಬೇಕು ಅಂದರು. ಇದನ್ನು ಒಂದು ಸಂಜೆ ಕೂತು ಮಾಡಿ. ನನ್ನ ಜಾತಿ ಯಾವುದು, ಅದರಿಂದ ನನಗೆ ಏನೇನು ಸುಲಭವಾಗಿ ಸಿಕ್ಕಿತು? ನಮ್ಮ ಮನೆಯಲ್ಲಿ ಯಾರ ಮನೆಯ ನೀರು ಕುಡಿಯುತ್ತಿರಲಿಲ್ಲ? ಯಾರ ಬಗ್ಗೆ "ಅವರೆಲ್ಲ ಹಂಗೇ" ಅಂತ ಕೇಳಿಕೊಂಡು ಬೆಳೆದೆ? ಬರೆದಿಟ್ಟುಕೊಳ್ಳಿ, ಯಾರಿಗೂ ತೋರಿಸಬೇಕಾಗಿಲ್ಲ.

ಜಾತಿಯ ಮಾತು ರೂಮಿಗೆ ಬಂದೇ ಬರುತ್ತದೆ. "ಮೇಡಂ ನಿಮ್ದು ಯಾವೂರು?" ಅನ್ನುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು "ನೀವು ಯಾವ ಜನ?" ಅನ್ನುತ್ತಾರೆ. ಇಲ್ಲಿ ಅದನ್ನು ಕೆಟ್ಟ ಮನಸ್ಸಿನಿಂದ ಕೇಳುವವರು ಕಡಿಮೆ. ನಿಮ್ಮ ಹತ್ತಿರ ಎಷ್ಟು ಹೇಳಬಹುದು, ಏನನ್ನು ಹೇಳಿದರೆ ಅವಮಾನ ಆಗಬಹುದು ಅಂತ ಅಳೆಯುತ್ತಿರುತ್ತಾರೆ. ಊರು ಹೇಳಿ, ಅದರಲ್ಲಿ ತೊಂದರೆ ಇಲ್ಲ. ಜಾತಿ ಕೇಳಿದಾಗ ನಾನು "ಹೇಳೋದಕ್ಕೆ ನನಗೇನೂ ಇಲ್ಲ. ಆದ್ರೆ ಅದು ಗೊತ್ತಾದ್ರೆ ನೀವು ಇಲ್ಲಿ ಹೇಳೋದು ಏನಾದ್ರೂ ಬದಲಾಗುತ್ತಾ?" ಅಂತ ಕೇಳುತ್ತೇನೆ. ಆ ಪ್ರಶ್ನೆಯಿಂದ ಎಷ್ಟೋ ಸಲ ನಿಜವಾದ ಮಾತು ಶುರುವಾಗಿದೆ. ಆಮೇಲೂ ತಿಳಿಯಬೇಕು ಅಂದರೆ ಹೇಳಿಬಿಡುತ್ತೇನೆ, ಮುಚ್ಚಿಟ್ಟರೆ ಅನುಮಾನ ಜಾಸ್ತಿಯಾಗುತ್ತದೆ ಅಷ್ಟೇ.

ನೀರಿನ ವಿಷಯದಲ್ಲಿ ಹುಷಾರಾಗಿರಿ. ರೂಮಿನಲ್ಲಿ ಒಂದೇ ತರಹದ ನಾಲ್ಕು ಸ್ಟೀಲ್ ಲೋಟ ಇಡಿ. ಬಂದವರಿಗೆ ಕೊಡುವುದರಲ್ಲೇ ನೀವೂ ಕುಡಿಯಿರಿ. ಅವರಿಗೆ ಪೇಪರ್ ಲೋಟ, ನಿಮಗೆ ಸ್ಟೀಲ್ ಲೋಟ ಆದರೆ ಅದನ್ನು ಗಮನಿಸುವವರು ಗಮನಿಸುತ್ತಾರೆ. ಇದು ಹಳೆಯ ಕಾಲದ ಮಾತಲ್ಲ. ದೇವರ ಮೆರವಣಿಗೆಯ ಕೋಲು ಮುಟ್ಟಿದ ಅಂತ ಒಬ್ಬ ದಲಿತ ಹುಡುಗನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದ್ದು ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ, 2022ರಲ್ಲಿ. ಅಂಥದ್ದನ್ನು ಅನುಭವಿಸಿದವರು "ಎಲ್ಲರೂ ನನ್ನನ್ನೇ ನೋಡ್ತಾರೆ ಅನ್ನಿಸುತ್ತೆ" ಅಂದರೆ ಅದನ್ನು ತಪ್ಪು ಯೋಚನೆ ಅಂತ ತಿದ್ದಲು ಹೋಗಬೇಡಿ. ಮೊದಲು ಯಾರು ನೋಡಿದರು, ಎಲ್ಲಿ, ಏನಂದರು ಅಂತ ಕೇಳಿ. ನಿಜವಾಗಿ ನಡೆದದ್ದನ್ನು ಮನಸ್ಸಿನ ಕಾಯಿಲೆಯ ಲೆಕ್ಕಕ್ಕೆ ಬರೆದರೆ ಅವರಿಗೆ ಎರಡನೇ ಸಲ ಅನ್ಯಾಯ ಮಾಡಿದ ಹಾಗೆ.

2. ಸೀಮೆಯನ್ನು ಓದಿ, ಆದರೆ ಮನುಷ್ಯರನ್ನು ಅದರಿಂದಲೇ ಅಳೆಯಬೇಡಿ

ಕೋಲಾರ ಒಂದೇ ಜಿಲ್ಲೆ ಅಂತ ಹೆಸರಿಗೆ. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಮನೆಮಾತು ಹೆಚ್ಚಾಗಿ ತೆಲುಗು. ಕೆಜಿಎಫ್‌ನಲ್ಲಿ ತಮಿಳು. ಕೋಲಾರ ಪೇಟೆಯ ಮುಸ್ಲಿಂ ಮನೆಗಳಲ್ಲಿ ದಖನಿ. ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶದ ಪಿಜಿಗಳಲ್ಲಿ ಉತ್ತರದಿಂದ ಬಂದ ಹುಡುಗ ಹುಡುಗಿಯರು. ಟೊಮೆಟೊ ಬೆಳೆಯುವವರ ಮನಸ್ಸು ಎಪಿಎಂಸಿಯ 15 ಕೆಜಿ ಬಾಕ್ಸಿನ ಬೆಲೆಯ ಜೊತೆ ಏರುತ್ತದೆ, ಇಳಿಯುತ್ತದೆ. 2023ರ ಜುಲೈನಲ್ಲಿ ಬಾಕ್ಸಿಗೆ 2,000 ರೂಪಾಯಿ ದಾಟಿತ್ತು, ಬೇರೆ ವರ್ಷಗಳಲ್ಲಿ ಕೀಳುವ ಕೂಲಿಯೂ ಹುಟ್ಟದೆ ಹೊಲದಲ್ಲೇ ಬಿಟ್ಟವರಿದ್ದಾರೆ. ಆ ಮನೆಯವರ ನಿದ್ದೆಯ ಬಗ್ಗೆ ಕೇಳುವಾಗ ಆ ವಾರದ ಬೆಲೆ ನಿಮಗೆ ಗೊತ್ತಿರಬೇಕು.

ಕೆಜಿಎಫ್‌ನವರ ವಿಷಯದಲ್ಲಿ ಒಂದು ದಿನಾಂಕ ನೆನಪಿಡಿ: 2001ರ ಫೆಬ್ರವರಿ 28. ಅವತ್ತು ಗಣಿ ಮುಚ್ಚಿತು. ಅಜ್ಜ, ಅಪ್ಪ, ಮಗ ಮೂರು ತಲೆಮಾರು ಇಳಿದ ಗಣಿ, ಕಂಪನಿ ಕೊಟ್ಟ ಲೈನ್ ಮನೆ, ಗಂಟೆ ಹೊಡೆದ ಹಾಗೆ ಓಡುತ್ತಿದ್ದ ಜೀವನ ಎಲ್ಲ ನಿಂತುಹೋಯಿತು. ಮಕ್ಕಳು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ಸಾಗುತ್ತಾರೆ. ಅಂಥ ಮನೆಯ ಹಿರಿಯರು "ನಾನು ಉಪಯೋಗಕ್ಕಿಲ್ಲ" ಅಂದರೆ ಅದು ಅವರೊಬ್ಬರ ಖಿನ್ನತೆ ಮಾತ್ರವಲ್ಲ, ಒಂದು ಊರಿನ ನಷ್ಟವೂ ಅದರೊಳಗೆ ಇರುತ್ತದೆ.

ಆದರೆ ಇಷ್ಟೆಲ್ಲ ತಿಳಿದ ಮೇಲೆ ಒಂದು ಅಪಾಯ ಇದೆ. "ಕೆಜಿಎಫ್ ತಮಿಳರು ಹೀಗೆ, ಮುಸ್ಲಿಂ ಹೆಂಗಸರು ಹಾಗೆ" ಅಂತ ಪಟ್ಟಿ ತಯಾರಾಗಿಬಿಡುತ್ತದೆ. ಬುರ್ಖಾ ಹಾಕಿ ಬಂದ ಹುಡುಗಿಯನ್ನು ಮನೆಯವರ ಒತ್ತಡದ ಬಗ್ಗೆ ನಾನು ಎರಡು ಸಲ ಕೇಳಿದ್ದೆ. ಅವಳ ಸಂಕಟ ಎಂಜಿನಿಯರಿಂಗ್ ಗಣಿತದ್ದು, ಒತ್ತಡವೆಲ್ಲ ಅವಳೇ ಹಾಕಿಕೊಂಡಿದ್ದು. ಸೀಮೆಯ ಬಗ್ಗೆ ಗೊತ್ತಿರುವುದು ಒಳ್ಳೆಯ ಪ್ರಶ್ನೆ ಕೇಳುವುದಕ್ಕೆ ಇರಲಿ, ಉತ್ತರವನ್ನು ನಾವೇ ಬರೆಯುವುದಕ್ಕೆ ಬೇಡ.

3. ಬೋರ್ಡು, ಹೊತ್ತು, ಬಾಗಿಲು

ಇದು ಚಿಕ್ಕ ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ಬೋರ್ಡಿನಲ್ಲಿ ಮನೋರೋಗ ಅಂತ ಬರೆದರೆ ಜನ ಎದುರುಗಡೆ ಬೇಕರಿಯಲ್ಲಿ ನಿಂತು ನೋಡಿ ವಾಪಸ್ ಹೋಗುತ್ತಾರೆ. ಆಪ್ತಸಮಾಲೋಚನೆ ಅಂತಲೋ ಕೌನ್ಸೆಲಿಂಗ್ ಅಂತಲೋ ಇರಲಿ. ಹೊತ್ತನ್ನು ಅವರ ಬಸ್ಸು, ರೈಲು, ಶಿಫ್ಟು, ಹಾಲು ಕರೆಯುವ ಸಮಯ ಕೇಳಿ ಇಟ್ಟುಕೊಳ್ಳಿ. ತಡವಾಗಿ ಬಂದರೆ ಆಸಕ್ತಿ ಇಲ್ಲ ಅಂತ ಬರೆಯುವ ಮುಂಚೆ ಬಸ್ ಬಂತಾ ಅಂತ ಕೇಳಿ. ಗಂಡಸು ಕೌನ್ಸೆಲರ್ ಆಗಿದ್ದರೆ, ಎದುರಿಗಿರುವ ಹೆಂಗಸಿಗೆ ಬಾಗಿಲು ಪೂರ್ತಿ ಮುಚ್ಚಬೇಕಾ, ಸ್ವಲ್ಪ ತೆರೆದಿರಬೇಕಾ ಅಂತ ಅವರನ್ನೇ ಕೇಳಿ. ಕಣ್ಣಿಗೆ ಕಣ್ಣು ಕೊಟ್ಟು ಮಾತಾಡದಿರುವುದು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಸಲ ಮರ್ಯಾದೆ, ರೋಗಲಕ್ಷಣ ಅಲ್ಲ.

ಚಿಕ್ಕ ಊರು ಅಲ್ವಾ, ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಎದುರಾಗುತ್ತೀರಿ. ಮೊದಲ ದಿನವೇ ಹೇಳಿಬಿಡಿ: "ಹೊರಗೆ ಸಿಕ್ಕರೆ ನಾನಾಗಿ ಮಾತಾಡಿಸಲ್ಲ. ನೀವು ಮಾತಾಡಿಸಿದರೆ ಮಾತಾಡುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ."

4. ಜೊತೆಗೆ ಬಂದವರನ್ನು ಏನು ಮಾಡುವುದು

ಒಬ್ಬರೇ ಬರುವವರು ಕಡಿಮೆ. ತಾಯಿ, ಗಂಡ, ಭಾವ, ಕೆಲವೊಮ್ಮೆ ಊರಿನ ಒಬ್ಬ ತಿಳಿದವರು. ಪುಸ್ತಕದ ಪ್ರಕಾರ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಬೇಕು. ಹಾಗೆ ಮಾಡಿದರೆ ಹೊರಗೆ ಕೂತವರಿಗೆ ಅವಮಾನ, ಮುಂದಿನ ವಾರ ಅವರು ಕರೆತರುವುದೇ ಇಲ್ಲ. ನಮ್ಮ ದೇಶದಲ್ಲಿ ಮನೆಯವರನ್ನು ಚಿಕಿತ್ಸೆಯೊಳಗೆ ಸೇರಿಸಿಕೊಂಡ ದೊಡ್ಡ ಅನುಭವವೇ ಇದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಮನೆಯವರಿಗೆ ಆಸ್ಪತ್ರೆಯ ಅಂಗಳದಲ್ಲೇ ಟೆಂಟ್ ಹಾಕಿಸಿ ಉಳಿಸಿಕೊಂಡರು. ನಿಮ್ಹಾನ್ಸ್‌ನಲ್ಲೂ ಮನೆಯವರ ಜೊತೆಗೇ ಉಳಿದು ಚಿಕಿತ್ಸೆ ಪಡೆಯುವ ವಾರ್ಡ್ ಇದೆ.

ನಾನು ಮಾಡುವುದು ಹೀಗೆ. ಮೊದಲ ಹದಿನೈದು ನಿಮಿಷ ಎಲ್ಲರೂ ಒಳಗೆ. ಹಿರಿಯರನ್ನು ಮೊದಲು ಮಾತಾಡಿಸುತ್ತೇನೆ, ಆದರೆ ಅವರು ಹೇಳಿದ್ದನ್ನು ಕೊನೆಯ ಮಾತು ಅಂತ ಬರೆದುಕೊಳ್ಳುವುದಿಲ್ಲ. ಆಮೇಲೆ "ಅಣ್ಣ, ನೀವು ಹೇಳಿದ್ದು ತುಂಬಾ ಉಪಯೋಗ ಆಯ್ತು. ಈಗ ಎಲ್ಲರ ಹತ್ರನೂ ಒಬ್ಬೊಬ್ಬರನ್ನೇ ಮಾತಾಡಿಸ್ತೀನಿ, ಇದು ಇಲ್ಲಿಯ ಪದ್ಧತಿ" ಅನ್ನುತ್ತೇನೆ. ಎಲ್ಲರಿಗೂ ಒಂದೇ ನಿಯಮ ಅಂದರೆ ಯಾರಿಗೂ ಬೇಸರ ಆಗುವುದಿಲ್ಲ. ಒಬ್ಬರೇ ಇದ್ದಾಗ, ಹೊರಗಿನವರಿಗೆ ಏನು ಹೇಳಬಹುದು, ಏನು ಹೇಳಬಾರದು ಅಂತ ಅವರನ್ನೇ ಕೇಳಿ ಬರೆದುಕೊಳ್ಳುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೌಪ್ಯತೆಯನ್ನು ಹಕ್ಕು ಅಂತಲೇ ಹೇಳುತ್ತದೆ. ಜೀವಕ್ಕೆ ಅಪಾಯ ಇದ್ದಾಗ ಅದನ್ನು ಮುರಿಯಬೇಕಾಗುತ್ತದೆ, 18 ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದರೆ ಪೋಕ್ಸೊ ಕಾಯ್ದೆ ಪ್ರಕಾರ ದೂರು ಕೊಡಲೇಬೇಕು. ಇವೆರಡನ್ನೂ ಅವರು ಬಾಯಿ ಬಿಡುವ ಮುಂಚೆಯೇ ಹೇಳಿ. ಬಿಟ್ಟ ಮೇಲೆ ಹೇಳಿದರೆ ಅದು ಮೋಸ.

ಒಂದು ಸಂದರ್ಭದಲ್ಲಿ ಮಾತ್ರ ಮನೆಯವರನ್ನು ದೂರ ಇಡಿ. ಬೇರೆ ಜಾತಿಯಲ್ಲಿ, ಬೇರೆ ಧರ್ಮದಲ್ಲಿ ಪ್ರೀತಿ ಮಾಡಿದ ಹುಡುಗಿ, ಅಥವಾ ತಾನು ಹುಡುಗರನ್ನೇ ಇಷ್ಟಪಡುತ್ತೇನೆ ಅಂತ ನಿಮಗೆ ಮಾತ್ರ ಹೇಳಿದ ಹುಡುಗ ಇದ್ದರೆ, ಮನೆಗೆ ನೀವು ಮಾಡುವ ಒಂದು ಫೋನ್ ಪ್ರಾಣಕ್ಕೇ ಕುತ್ತು ತರಬಹುದು. "ಅವನನ್ನು ಬದಲಾಯಿಸಿಕೊಡಿ" ಅಂತ ಅಪ್ಪ ಅಮ್ಮ ಬಂದರೆ, ಅದು ಕಾಯಿಲೆ ಅಲ್ಲ, ಬದಲಾಯಿಸುವ ಚಿಕಿತ್ಸೆ ಅನ್ನುವುದೇ ಇಲ್ಲ ಅಂತ ಸ್ಪಷ್ಟವಾಗಿ ಹೇಳಿ. ಅಂಥ ಚಿಕಿತ್ಸೆ ಮಾಡುವುದು ವೈದ್ಯರಿಗೆ ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

5. ಅವರ ಹೆಸರನ್ನೇ ಕೇಳಿ

ಕೆಲಸದ ಜೀವ ಇಲ್ಲಿದೆ. ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ಮತ್ತು ಅವರ ಜೊತೆಗಾರರು 1978ರಲ್ಲಿ ಒಂದು ಲೇಖನದಲ್ಲಿ ಕೆಲವು ಸರಳ ಪ್ರಶ್ನೆಗಳನ್ನು ಕೊಟ್ಟರು. ನಿಮ್ಮ ಕಾಯಿಲೆಗೆ ನೀವು ಏನನ್ನುತ್ತೀರಿ, ಯಾಕೆ ಬಂತು, ಯಾಕೆ ಆಗಲೇ ಬಂತು ಅನ್ನುವ ತರಹದವು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ರೋಗನಿರ್ಣಯದ ಪುಸ್ತಕ ಡಿಎಸ್‌ಎಂ-5ರಲ್ಲಿ ಇದೇ ದಾರಿಯ 16 ಪ್ರಶ್ನೆಗಳ ಸಂದರ್ಶನ ಸೇರಿಕೊಂಡಿತು. ಎರಡನ್ನೂ ಓದಿ. ಆದರೆ ಪುಸ್ತಕ ಹಿಡಿದು ಒಂದೊಂದೇ ಕೇಳಬೇಡಿ, ಜನಗಣತಿಯವರು ಬಂದ ಹಾಗಾಗುತ್ತದೆ. ನಾನು ಆಡುಮಾತಿನಲ್ಲಿ ಹೀಗೆ ಕೇಳುತ್ತೇನೆ:

"ಇದಕ್ಕೆ ನಿಮ್ಮನೇಲಿ ಏನಂತಾರೆ? ನಿಮ್ಮ ಭಾಷೇಲೇ ಹೇಳಿ."

"ಯಾಕೆ ಬಂತು ಅಂತ ನಿಮಗೆ ಅನ್ಸುತ್ತೆ? ನಿಮ್ಮತ್ತೆ ಏನಂತಾರೆ? ಊರಲ್ಲಿ?"

"ಇಲ್ಲಿಗೆ ಬರೋ ಮುಂಚೆ ಎಲ್ಲೆಲ್ಲಿ ತೋರಿಸಿದ್ರಿ? ಎಲ್ಲಿ ಸ್ವಲ್ಪನಾದ್ರೂ ಸಮಾಧಾನ ಆಯ್ತು?"

"ಇದು ಹೀಗೇ ಇದ್ರೆ ಏನಾಗಿಬಿಡುತ್ತೆ ಅಂತ ಹೆದರಿಕೆ?"

"ವಾಸಿ ಆಯ್ತು ಅಂದ್ರೆ ಮೊದಲು ಯಾವ ಕೆಲಸ ಮಾಡ್ತೀರಿ?"

ಎರಡನೇ ಪ್ರಶ್ನೆಯಲ್ಲಿ ಅತ್ತೆ, ಊರು ಅಂತ ಬೇರೆ ಬೇರೆಯಾಗಿ ಕೇಳುವುದಕ್ಕೆ ಕಾರಣ ಇದೆ. "ಮಾಟ ಮಾಡಿಸಿದ್ದಾರೆ" ಅನ್ನುವುದನ್ನು ತನ್ನ ಮಾತಾಗಿ ಹೇಳಲು ನಾಚಿಕೆ ಪಡುವವರು "ನಮ್ಮತ್ತೆ ಹಂಗಂತಾರೆ" ಅಂತ ಸಲೀಸಾಗಿ ಹೇಳುತ್ತಾರೆ. ಕೊನೆಯ ಪ್ರಶ್ನೆ ನನಗೆ ತುಂಬಾ ಇಷ್ಟ. ಒಬ್ಬರು "ತಂಗಿ ಮನೆಗೆ ಹೋಗಿ ಎರಡು ದಿನ ಇದ್ದು ಬರ್ತೀನಿ" ಅಂದಿದ್ದರು. ಆರು ವಾರ ನಾವು ಮಾಡಿದ್ದೆಲ್ಲ ಆ ಎರಡು ದಿನದ ಕಡೆಗೆ ನಡೆದ ಕೆಲಸವೇ.

ಅವರು ಹೇಳಿದ ಪದವನ್ನು ಫೈಲಿನಲ್ಲಿ ಹಾಗೇ ಬರೆಯಿರಿ, ಅನುವಾದ ಬೇಡ. "ಎದೆ ಉರಿ" ಅಂದರೆ ಎದೆ ಉರಿ. ಪಕ್ಕದಲ್ಲಿ ನಿಮ್ಮ ರೋಗನಿರ್ಣಯ ಬರೆದುಕೊಳ್ಳಿ, ಆದರೆ ಮಾತಾಡುವಾಗ ಅವರ ಪದವನ್ನೇ ಬಳಸಿ. "ಹೋದ ವಾರದಿಂದ ಎದೆ ಉರಿ ಹೇಗಿದೆ?" ಅಂತ ಕೇಳಿದಾಗ ಅವರ ಮುಖ ಬೇರೆ ಆಗುತ್ತದೆ, ನೋಡಿ.

6. ಭಾಷೆ, ಮತ್ತು ದುಭಾಷಿ

ಎರಡು ಭಾಷೆ ಬಲ್ಲವರು ವ್ಯವಹಾರ ಒಂದರಲ್ಲಿ ಮಾಡುತ್ತಾರೆ, ಅಳುವುದು ಇನ್ನೊಂದರಲ್ಲಿ. ಕನ್ನಡದಲ್ಲಿ ಅಚ್ಚುಕಟ್ಟಾಗಿ ಕತೆ ಹೇಳಿ ಮುಗಿಸಿದವರಿಗೆ, ಅದೇ ಭಾಗವನ್ನು ಮನೆಮಾತಿನಲ್ಲಿ ಇನ್ನೊಂದು ಸಲ ಹೇಳಿ ಅನ್ನಿ. ನಿಮಗೆ ಅರ್ಧ ಅರ್ಥವಾದರೂ ಪರವಾಗಿಲ್ಲ, ಆಮೇಲೆ ಬಿಡಿಸಿ ಕೇಳಬಹುದು.

ಒಂದೇ ತರಹ ಕೇಳುವ ಪದಗಳ ಬಗ್ಗೆ ಎಚ್ಚರ. ದಿಗಿಲು ಹೇಳಿದೆ. ಕನ್ನಡದಲ್ಲಿ ಬಾಧೆ ಅಂದರೆ ಕಾಟ, ಉಪದ್ರವ. ತೆಲುಗಿನವರು "ಬಾಧಗಾ ಉಂದಿ" ಅಂದರೆ ಬಹಳ ಸಲ ಮನಸ್ಸಿಗೆ ದುಃಖವಾಗಿದೆ ಅಂತ. ತೆಲುಗಿನ ಮಂದು ಅಂದರೆ ಔಷಧಿ, ಹೆಂಡವೂ ಮಂದೇ, ಹೊಲಕ್ಕೆ ಹೊಡೆಯುವ ಕೀಟನಾಶಕವೂ ಮಂದೇ. ಕನ್ನಡದ ಮದ್ದು ಅಂದರೆ ಔಷಧಿ, ಬಂಡೆ ಸಿಡಿಸುವುದೂ ಮದ್ದೇ, ಊಟದಲ್ಲಿ ಯಾರೋ ಕದ್ದು ಹಾಕಿದ್ದಾರೆ ಅನ್ನುವುದೂ ಮದ್ದೇ. "ಗಂಡ ಮಂದು ತಗೋತಾರೆ" ಅಂದಾಗ ಯಾವ ಮಂದು ಅಂತ ಕೇಳದಿದ್ದರೆ ಒಬ್ಬ ಕುಡುಕರ ಹೆಂಡತಿಯನ್ನು "ಒಳ್ಳೇದು, ತಪ್ಪಿಸಬೇಡಿ ಅಂತ ಹೇಳಿ" ಅಂದು ಕಳಿಸಿಬಿಡುತ್ತೀರಿ. ಕೆಜಿಎಫ್‌ನವರು "ಪಡಪಡಪ್ಪು" ಅಂದರೆ ಎದೆ ಡವಡವ ಅನ್ನುವುದು, ತಳಮಳ. ದಖನಿಯವರ "ಘಬ್ರಾಹಟ್" ಹೆಚ್ಚುಕಡಿಮೆ ಅದರ ಹತ್ತಿರದ್ದೇ, ಆದರೆ ಅದು ಎದೆಯಲ್ಲಿ ಆಗುತ್ತಾ, ತಲೆಯಲ್ಲಾ, ಹೊಟ್ಟೆಯಲ್ಲಾ ಅಂತ ಕೇಳಿಯೇ ಬರೆಯಿರಿ.

ನಿಮಗೆ ಬಾರದ ಭಾಷೆಯವರು ಬಂದರೆ ದುಭಾಷಿ ಬೇಕು. ಮಕ್ಕಳನ್ನು ಕೂರಿಸಬೇಡಿ, ಯಾವ ಕಾರಣಕ್ಕೂ. ಹತ್ತು ವರ್ಷದ ಮಗಳ ಬಾಯಲ್ಲಿ ತಾಯಿ ತನ್ನ ದಾಂಪತ್ಯದ ಕಷ್ಟ ಹೇಳಿಸಬೇಕಾ? ಗಂಡನೂ ಬೇಡ, ಮೈದುನನೂ ಬೇಡ, ಪಿಜಿ ನೋಡಿಕೊಳ್ಳುವವರು, ಕಂಪನಿ ಸೂಪರ್‌ವೈಸರ್ ಅಂತೂ ಬೇಡವೇ ಬೇಡ. ಆಸ್ಪತ್ರೆಯ ನರ್ಸ್, ಶಾಲೆಯ ಟೀಚರ್, ಯಾರಾದರೂ ಆ ಭಾಷೆ ಬಲ್ಲ, ಆ ಮನೆಗೆ ಸಂಬಂಧ ಇಲ್ಲದ ಒಬ್ಬರನ್ನು ಹುಡುಕಿ, ಅವರ ಸಮಯಕ್ಕೆ ಹಣ ಕೊಡಿ. ಮುಂಚೆ ಐದು ನಿಮಿಷ ಕೂರಿಸಿ ನಾಲ್ಕು ಮಾತು ಹೇಳಿ: ಅವರು "ನಾನು" ಅಂದರೆ ನೀವೂ "ನಾನು" ಅಂತಲೇ ಹೇಳಿ, ಚಂದ ಮಾಡಬೇಡಿ, ಸಮಾಧಾನ ಹೇಳಬೇಡಿ, ಅನುವಾದ ಆಗದ ಪದ ಬಂದರೆ ಆ ಪದವನ್ನೇ ಹೇಳಿ. ನೀವು ನೋಡಬೇಕಾದದ್ದು ಕ್ಲೈಂಟ್ ಮುಖ, ದುಭಾಷಿಯ ಮುಖ ಅಲ್ಲ. ಅವರು ಎರಡು ನಿಮಿಷ ಅತ್ತು ಹೇಳಿದ್ದಕ್ಕೆ ದುಭಾಷಿ "ಬೇಜಾರಂತೆ" ಅಂತ ಒಂದೇ ಮಾತು ಹೇಳಿದರೆ, ನಿಲ್ಲಿಸಿ, ಮತ್ತೆ ಕೇಳಿ. ಮುಗಿದ ಮೇಲೆ ದುಭಾಷಿಯ ಜೊತೆಯೂ ಸ್ವಲ್ಪ ಹೊತ್ತು ಕೂತುಕೊಳ್ಳಿ, ಕೇಳಿದ್ದು ಅವರ ಮನಸ್ಸಿಗೂ ಭಾರವಾಗಿರುತ್ತದೆ.

ಕಾರ್ಖಾನೆಗೆ ಬಂದ ಹುಡುಗಿಯರ ಜೊತೆ ಹಿಂದಿ ಸಾಕು ಅಂದುಕೊಳ್ಳಬೇಡಿ. ಒಡಿಶಾ, ಜಾರ್ಖಂಡ್ ಕಡೆಯವರಿಗೆ ಹಿಂದಿ ಎಷ್ಟೋ ಸಲ ಎರಡನೆಯದೋ ಮೂರನೆಯದೋ ಭಾಷೆ. ಮನೆಯಲ್ಲಿ ಸಂತಾಲಿ ಮಾತಾಡುವವರು ಇರಬಹುದು. ಫೋನ್ ಸೆಷನ್ ಆದರೆ ಮೊದಲು "ರೂಮಲ್ಲಿ ಯಾರಿದ್ದಾರೆ?" ಅಂತ ಕೇಳಿ, ಹೌದು ಇಲ್ಲ ಅನ್ನುವುದರಲ್ಲೇ ಉತ್ತರ ಕೊಡಬಹುದಾದ ಪ್ರಶ್ನೆಗಳನ್ನು ರೆಡಿ ಇಟ್ಟುಕೊಳ್ಳಿ.

7. ಮೈ ಹೇಳುವುದನ್ನು ಮೈಯಿಂದಲೇ ಶುರುಮಾಡಿ

ನಮ್ಮ ಜನ ಖಿನ್ನತೆ ಅಂತ ಬರುವುದಿಲ್ಲ. ತಲೆ ಭಾರ, ಗ್ಯಾಸ್ಟ್ರಿಕ್, ಕೈಕಾಲು ಸೆಳೆತ, ನಿಶ್ಶಕ್ತಿ, ಹೆಂಗಸರಾದರೆ ಬಿಳಿ ಹೋಗುವುದು, ಗಂಡಸರಾದರೆ ಧಾತು ಹೋಗುವುದು. "ಅದೆಲ್ಲ ಮನಸ್ಸಿಂದು" ಅಂದಿರೋ, ಮುಗಿಯಿತು. "ಸುಳ್ಳು ಹೇಳ್ತೀಯ" ಅಂದ ಹಾಗೆ ಕೇಳಿಸುತ್ತದೆ.

ಅದಕ್ಕಿಂತ ಮುಖ್ಯವಾಗಿ, ಅದು ನಿಜವಾಗಿಯೂ ಮೈಯದ್ದೇ ಇರಬಹುದು. ಈ ಜಿಲ್ಲೆಯ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಮೂಳೆ ಕೀಲು ಹಿಡಿಯುತ್ತದೆ. ಗಣಿಯಲ್ಲಿ ದುಡಿದವರ ಎದೆ ಬಿಗಿತ ಸಿಲಿಕೋಸಿಸ್ ಇರಬಹುದು. ಹೆಂಗಸರ ಸುಸ್ತಿಗೆ ರಕ್ತಹೀನತೆ, ಥೈರಾಯ್ಡ್ ನೋಡಿಸಬೇಕು. ವೈದ್ಯರಿಗೆ ತೋರಿಸದೆ ಮನಸ್ಸಿನ ಲೆಕ್ಕಕ್ಕೆ ಹಾಕಬೇಡಿ. ಎಲ್ಲ ನೋಡಿ ಆದ ಮೇಲೂ "ನೋವು ಇದ್ದೇ ಇದೆ, ಅದನ್ನು ಹೊತ್ತುಕೊಂಡು ದಿನ ಹೇಗೆ ಸಾಗಿಸುವುದು ನೋಡೋಣ" ಅಂತ ಶುರುಮಾಡಿ. ನಾಲ್ಕನೇ ವಾರಕ್ಕೆ ಮನಸ್ಸಿನ ಮಾತು ತಾನಾಗಿ ಬರುತ್ತದೆ.

8. ದರ್ಗಾ, ದೇವಸ್ಥಾನ, ಮಂತ್ರ

ಚಿಂತಾಮಣಿ ಹತ್ತಿರದ ಮುರುಗಮಲ್ಲ ದರ್ಗಾಕ್ಕೆ ಹಿಂದೂಗಳೂ ಮುಸ್ಲಿಮರೂ ಮನಸ್ಸಿನ ಕಾಯಿಲೆಯವರನ್ನು ಕರೆದುಕೊಂಡು ಹೋಗುತ್ತಾರೆ. ನಿಮ್ಮ ಹತ್ತಿರ ಬರುವವರಲ್ಲಿ ಎಷ್ಟೋ ಜನ ಅಲ್ಲಿಗೆ ಹೋಗಿ ಬಂದಿರುತ್ತಾರೆ, ನಿಮಗೆ ಹೇಳುವುದಿಲ್ಲ ಅಷ್ಟೇ. ಬೈಯುತ್ತೀರಿ ಅಂತ. ಅದಕ್ಕೇ ನಾನು ನಿರ್ಧಾರವಾಗಿ, ಮೊದಲೇ, ಸಹಜವಾಗಿ ಕೇಳುತ್ತೇನೆ: "ದೇವರು, ದರ್ಗಾ, ಶಾಸ್ತ್ರ ಎಲ್ಲ ಕೇಳಿಸಿರ್ತೀರ, ಅಲ್ವಾ? ಏನು ಹೇಳಿದ್ರು?" ಮುಂದೆಯೂ ಹೋಗುತ್ತಿರಲಿ, ತಾಯತ ಇರಲಿ. ಅಲ್ಲಿ ಸಿಗುವ ಜನ, ನಂಬಿಕೆ, ನಾಲ್ಕು ದಿನದ ಬಿಡುವು ಇವೂ ಕೆಲಸ ಮಾಡುತ್ತವೆ. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ದವಾ ಮತ್ತು ದುವಾ ಅಂತ, ಪ್ರಾರ್ಥನೆಯ ಜಾಗದಲ್ಲೇ ಔಷಧಿಯನ್ನೂ ಕೊಡುವ ವ್ಯವಸ್ಥೆ ನಡೆದಿದೆ. ನನಗೆ ಅದೇ ಸರಿಯಾದ ದಾರಿ ಅನ್ನಿಸುತ್ತದೆ.

ಆದರೆ ಗೆರೆ ಎಲ್ಲಿ ಎಳೆಯಬೇಕು? ಹೊಡೆಯುವುದು, ಹೊಗೆ ಹಾಕುವುದು, ಊಟ ನಿಲ್ಲಿಸುವುದು, ಮಾತ್ರೆ ಬಿಡಿಸುವುದು, ಸರಪಳಿ ಹಾಕುವುದು. ಇವಕ್ಕೆ ಗಟ್ಟಿಯಾಗಿ ಬೇಡ ಅನ್ನಿ. ತಮಿಳುನಾಡಿನ ಏರ್ವಾಡಿ ದರ್ಗಾ ಹತ್ತಿರ ಮನಸ್ಸಿನ ಕಾಯಿಲೆಯವರನ್ನು ಇಟ್ಟಿದ್ದ ಆಶ್ರಯಮನೆಗೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಸೆಕ್ಷನ್ ಸರಪಳಿಯನ್ನು ಯಾವ ರೂಪದಲ್ಲೂ ನಿಷೇಧಿಸಿದೆ.

"ಮದ್ದು ಹಾಕಿದ್ದಾರೆ" ಅನ್ನುವವರ ಜೊತೆ ಇದೆ, ಇಲ್ಲ ಅಂತ ವಾದಕ್ಕೆ ಇಳಿಯಬೇಡಿ. ಯಾರು ಹಾಕಿದರು ಅನ್ನುವುದರ ಹಿಂದೆ ಸಾಮಾನ್ಯವಾಗಿ ಜಮೀನಿನ ಜಗಳ, ಸವತಿಯ ಭಯ, ಮಗ ದೂರವಾದ ನೋವು ಇರುತ್ತದೆ. ಆ ಕತೆಗೆ ಕಿವಿ ಕೊಡಿ. ಆದರೆ ನಂಬಿಕೆ ದಿನೇದಿನೇ ಬೆಳೆದು, ಯಾರ ಕೈಯ ಊಟವೂ ಬೇಡ ಅನ್ನುವಷ್ಟಾಗಿ, ಅದೇ ಊರಿನ ಅದೇ ನಂಬಿಕೆಯ ಮನೆಯವರೂ "ಇದು ಜಾಸ್ತಿ ಆಯ್ತು" ಅನ್ನತೊಡಗಿದರೆ ತಡಮಾಡದೆ ಮನೋವೈದ್ಯರ ಹತ್ತಿರ ಕಳಿಸಿ. ಊರಿನ ನಂಬಿಕೆ ಯಾವುದು, ಕಾಯಿಲೆ ಯಾವುದು ಅಂತ ತಿಳಿಯಲು ಮನೆಯವರೇ ನಿಮಗೆ ಒಳ್ಳೆಯ ಅಳತೆಗೋಲು. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗ ಇದೆ.

9. ಸಾಯುವ ಮಾತು

"ಎಲ್ಲಾದ್ರೂ ಹೊರಟುಹೋಗೋಣ ಅನ್ಸುತ್ತೆ." "ಇದ್ದು ಏನು ಪ್ರಯೋಜನ." "ಮಕ್ಕಳ ಮುಖ ನೋಡ್ಕೊಂಡು ಇದ್ದೀನಿ." ಇವುಗಳಲ್ಲಿ ಯಾವುದೇ ಒಂದು ಕೇಳಿಸಿದ ತಕ್ಷಣ ನಿಲ್ಲಿಸಿ, ನೇರವಾಗಿ ಕೇಳಿ: "ಸಾಯಬೇಕು ಅನ್ನಿಸಿದೆಯಾ?" ಕೇಳಿದರೆ ಆ ಯೋಚನೆ ಬರುತ್ತದೆ ಅನ್ನುವುದು ತಪ್ಪು. ಕೇಳಿದರೆ ಭಾರ ಇಳಿಯುತ್ತದೆ. ಹಿಂದೆ ಪ್ರಯತ್ನ ಮಾಡಿದ್ದರೆ ಮನೆಯವರು ಪೊಲೀಸ್ ಕೇಸಿನ ಭಯದಿಂದ ಹೊಟ್ಟೆನೋವು ಅಂತ ಮುಚ್ಚಿರುತ್ತಾರೆ. 2017ರ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಸಾಯಲು ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಇಲ್ಲ ಅಂತ ಅವರಿಗೆ ತಿಳಿಸಿ. ರೈತರ ಮನೆಯಾದರೆ ಹೊಲದ ಔಷಧಿಗಳನ್ನು ಅವತ್ತೇ ಬೇರೆ ಮನೆಗೆ ಸಾಗಿಸಲು ಅಥವಾ ಬೀಗ ಹಾಕಿ ಬೀಗದ ಕೈ ಬೇರೆಯವರ ಹತ್ತಿರ ಇಡಲು ಹೇಳಿ. ಅವತ್ತೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಡಿ. ಹಗಲು ರಾತ್ರಿ, ಹಲವು ಭಾಷೆಗಳಲ್ಲಿ, ಉಚಿತವಾಗಿ ಸಿಗುತ್ತದೆ.

10. ಕಲಿತ ಥೆರಪಿಯನ್ನು ಒಗ್ಗಿಸುವುದು

ಯೋಚನೆಗಳನ್ನು ಕಾಲಂ ಹಾಕಿ ಬರೆದುಕೊಂಡು ಬನ್ನಿ ಅಂತ ಹೇಳಿದರೆ ಬರೆಯಲು ಬಾರದವರು ಮುಂದಿನ ವಾರ ನಾಚಿಕೆಯಿಂದ ಬರುವುದೇ ಇಲ್ಲ. ಹಾಳೆ ಬಿಡಿ. ಸಂಕಟ ಎಷ್ಟು ಅಂತ ಅಳೆಯಲು ಸೊನ್ನೆಯಿಂದ ಹತ್ತು ಅನ್ನುವ ಬದಲು, ಹಿರಿಯರನ್ನು "ಹೋದ ಸಲ ರೂಪಾಯಿ ಇತ್ತು, ಈಗ ಎಷ್ಟಾಣೆ?" ಅಂತ ಕೇಳುತ್ತೇನೆ. "ಹನ್ನೆರಡಾಣೆ" ಅಂತ ತಟ್ಟನೆ ಹೇಳುತ್ತಾರೆ. ನಾಲ್ಕಾಣೆ ಎಲ್ಲಿ ಹೋಯಿತು ಅಂತ ಹುಡುಕುವುದೇ ಆ ದಿನದ ಕೆಲಸ.

ದಿನದಲ್ಲಿ ಒಂದೊಂದೇ ಕೆಲಸ ಸೇರಿಸುತ್ತಾ ಹೋಗುವ ವಿಧಾನ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಗೋವಾದಲ್ಲಿ ಮನೋವೈದ್ಯ ವಿಕ್ರಂ ಪಟೇಲ್ ಮತ್ತು ತಂಡದವರು, ಮನಶ್ಶಾಸ್ತ್ರದ ಡಿಗ್ರಿ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಆರರಿಂದ ಎಂಟು ಭೇಟಿಯಲ್ಲಿ ಇದನ್ನು ಮಾಡಿಸಿ, ಖಿನ್ನತೆ ಕಡಿಮೆಯಾದದ್ದನ್ನು 2017ರಲ್ಲಿ ಪ್ರಕಟಿಸಿದರು. ಕೆಲಸವನ್ನು ಅವರ ದಿನದಿಂದಲೇ ಆರಿಸಿ. ವಾಕಿಂಗ್ ಹೋಗಿ ಅನ್ನಬೇಡಿ, ಹಳ್ಳಿಯಲ್ಲಿ ಹೆಂಗಸು ಸುಮ್ನೆ ಒಬ್ಬಳೇ ನಡೆದರೆ ನೂರು ಪ್ರಶ್ನೆ. ಡೈರಿಗೆ ಹಾಲು ಹಾಕಲು ನೀವೇ ಹೋಗಿ ಅನ್ನಿ. ಅಲ್ಲಿ ನಾಲ್ಕು ಜನ ಮಾತಾಡಿಸುತ್ತಾರೆ.

"ಇಲ್ಲ ಅಂತ ಹೇಳೋದು ಕಲೀರಿ" ಅನ್ನುವ ಪಾಠ ತುಂಬಾ ಹುಷಾರಾಗಿ. ಒಬ್ಬ ಸೊಸೆ ನನ್ನ ಮಾತು ಕೇಳಿ ಅತ್ತೆಗೆ ಮುಖದ ಮೇಲೆ ಇಲ್ಲ ಅಂದರು. ಅವರನ್ನು ಎರಡು ತಿಂಗಳು ತವರಿಗೆ ಕಳಿಸಿದರು, ಮಗುವನ್ನು ಕೊಡಲಿಲ್ಲ. ಆ ತಪ್ಪು ನನ್ನದು. ಈಗ ಮೊದಲು ಕೇಳುತ್ತೇನೆ, ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಅವರಲ್ಲಿ ಯಾರಿಗೆ ನಿಮ್ಮ ಮೇಲೆ ಪ್ರೀತಿ, ಅವರ ಬಾಯಲ್ಲಿ ಇದನ್ನು ಹೇಳಿಸಬಹುದಾ? ಅದು ಸೋತು ಕೂರುವುದಲ್ಲ, ಆ ಮನೆಯ ದಾರಿ ತಿಳಿದು ನಡೆಯುವುದು. ಹೊಡೆತ ಇದ್ದರೆ ಮಾತ್ರ ಈ ಲೆಕ್ಕ ಇಲ್ಲ, ಮೊದಲು ಸುರಕ್ಷತೆ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್.

11. ತಪ್ಪಾದಾಗ

ಆಗುತ್ತದೆ. ಗೊತ್ತಾದ ತಕ್ಷಣ ಹೇಳಿ, ಚಿಕ್ಕದಾಗಿ: "ನಾನು ತಪ್ಪು ತಿಳಿದುಕೊಂಡಿದ್ದೆ. ನೀವು ಹೇಳಿದ್ದು ದುಃಖ, ನಾನು ಭಯ ಅಂದುಕೊಂಡೆ. ಮತ್ತೆ ಹೇಳ್ತೀರಾ?" ಉದ್ದುದ್ದ ಕ್ಷಮೆ ಕೇಳಬೇಡಿ, ಆಗ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ನಮ್ಮ ಜನ ಎದುರಿಗೆ ತಪ್ಪು ಹೇಳುವುದು ಕಡಿಮೆ. "ಸರಿ ಮೇಡಂ, ಸರಿ ಮೇಡಂ" ಅನ್ನುತ್ತಾ ಬರುವುದನ್ನೇ ನಿಲ್ಲಿಸುತ್ತಾರೆ. ಹಾಗಾಗಿ ಮೂರು ವಾರಕ್ಕೊಮ್ಮೆ "ನಾನು ಹೇಳಿದ್ದರಲ್ಲಿ ನಿಮ್ಮನೆಗೆ ಹೊಂದದೇ ಇದ್ದದ್ದು ಯಾವುದು?" ಅಂತ ಕೇಳಿ. ಇದೆಯಾ ಅಂತ ಕೇಳಬೇಡಿ, ಯಾವುದು ಅಂತ ಕೇಳಿ. ಆಗ ಒಂದಾದರೂ ಹೇಳುತ್ತಾರೆ. ಜೊತೆಗೆ, ತಿಂಗಳಿಗೊಮ್ಮೆ ಹಿರಿಯರೊಬ್ಬರ ಹತ್ತಿರ ಕೂತು ನಿಮ್ಮ ಕೇಸುಗಳನ್ನು ಮಾತಾಡಿ. ಸಾಧ್ಯವಾದರೆ ನಿಮ್ಮ ಜಾತಿ, ಧರ್ಮ, ಭಾಷೆಯವರಲ್ಲದ ಒಬ್ಬರ ಹತ್ತಿರ.

12. ಮುಗಿಸುವುದು

ಇಲ್ಲಿ ಯಾರೂ "ಹೋಗ್ತೀನಿ" ಅನ್ನುವುದಿಲ್ಲ, "ಬರ್ತೀನಿ" ಅನ್ನುತ್ತಾರೆ. ಹಾಗಿರುವಾಗ "ಇದು ನಮ್ಮ ಕೊನೇ ಸೆಷನ್" ಅಂದರೆ ಸಂಬಂಧ ಕಡಿದ ಹಾಗೆ ಕೇಳಿಸುತ್ತದೆ. ವಾರದಿಂದ ಹದಿನೈದು ದಿನ, ಆಮೇಲೆ ತಿಂಗಳು, ಆಮೇಲೆ ಮೂರು ತಿಂಗಳು ಅಂತ ಬಿಡಿಸುತ್ತಾ ಹೋಗಿ. ಯಾವಾಗ ಮತ್ತೆ ಬರಬೇಕು ಅನ್ನುವ ಗುರುತುಗಳನ್ನು ಅವರ ಮಾತಿನಲ್ಲೇ ಹೇಳಿಸಿಕೊಳ್ಳಿ, ಜೊತೆಗೆ ಬಂದವರಿಗೂ ಅದು ಗೊತ್ತಿರಲಿ.

ಶ್ರೀನಿವಾಸಪುರದವರಾದರೆ ಬೇಸಿಗೆಯಲ್ಲಿ ಮಾವಿನಹಣ್ಣು ಬರುತ್ತದೆ, ಒಂದು ಚೀಲ. ಬೇಡ ಅಂದರೆ ಅವಮಾನ. ನಾನು ತೆಗೆದುಕೊಳ್ಳುತ್ತೇನೆ, ಎರಡು ಹಣ್ಣು ಅವರ ಎದುರಿಗೇ ಕೊಯ್ದು ಅವರಿಗೂ ಕೊಟ್ಟು ತಿನ್ನುತ್ತೇನೆ, ಉಳಿದದ್ದನ್ನು ಆಯಾಗೂ ನರ್ಸ್‌ಗೂ ಹಂಚುತ್ತೇನೆ, ಫೈಲಿನಲ್ಲಿ ಬರೆದಿಡುತ್ತೇನೆ. ಹಣ, ಸೀರೆ, ಬೆಳ್ಳಿ ಬಂದರೆ ಎರಡೂ ಕೈಯಲ್ಲಿ ಮುಟ್ಟಿ ನಮಸ್ಕರಿಸಿ ವಾಪಸ್ ಕೊಡಿ, ಇದು ಎಲ್ಲರಿಗೂ ಇರುವ ನಿಯಮ ಅಂತ ಹೇಳಿ.